ಪಾನ್ ಅಂದರೆ ಕಾನ್

"ಏಜೀ, ಪಾನ್ ಹೋನಾ ಕ್ಯಾ?" ಎಂದು ಅಮ್ಮಿ ಕೇಳಿದರೆ ಅಬ್ಬಾ ಕಿವಿ ಮುಟ್ಟಿಕೊಳ್ಳುತ್ತಿದ್ದರು. ಪಾರ್ಶ್ವವಾಯು ಬಡಿದು ಮೂರು ವಾರವಾಗಿತ್ತು. ಕಿವಿ ಕೇಳಿಸುತ್ತಿಲ್ಲ ಅನ್ನುತ್ತಿದ್ದಾರೆಂದು ತಿಳಿದು ಮನೆಮಂದಿಯೆಲ್ಲ ಕೂಗಿ ಮಾತಾಡತೊಡಗಿದೆವು. ಕೂಗಿದಷ್ಟೂ ಅವರ ಮುಖ ಸಣ್ಣದಾಗುತ್ತಿತ್ತು. ಆದರೆ ನಮಾಜಿನಲ್ಲಿ ಫಾತಿಹಾ ಸೂರಾ ಒಂದಕ್ಷರ ತಪ್ಪುತ್ತಿರಲಿಲ್ಲ. "ಬೇಕಾದ್ದು ಬರುತ್ತೆ, ನಮ್ಮ ಮಾತು ಮಾತ್ರ ಬೇಡ" ಎಂದು ಅಣ್ಣ ಗೊಣಗಿದ. ಸುಳ್ಳೇಕೆ ಹೇಳಲಿ, ನನಗೂ ಹಾಗೇ ಅನ್ನಿಸಿತ್ತು.

ಪರೀಕ್ಷಿಸಿದಾಗ ಕಿವಿ ಸರಿಯಾಗೇ ಇತ್ತು. ವಾಕ್ ಚಿಕಿತ್ಸೆಯ ಹೆಣ್ಣುಮಗಳು ಚಿತ್ರಗಳನ್ನು ಹರಡಿ "ಹಾಲು ತೋರಿಸಿ ಮಾಸ್ಟ್ರೇ" ಅಂದಳು. ಅಬ್ಬಾ ಕಾಲಿನ ಚಿತ್ರದ ಮೇಲೆ ಬೆರಳಿಟ್ಟರು. ಆಗ ನನಗೆ ಹೊಳೆಯಿತು. ಅಮ್ಮಿಯ ಪಾನ್ ಅವರೊಳಗೆ ಕಾನ್ ಆಗಿತ್ತು. ಅವರು ಕಿವಿ ತೋರಿಸಿ ಉತ್ತರವನ್ನೇ ಕೊಡುತ್ತಿದ್ದರು! ಖಾಫ್ ಬೇರೆ, ಖೇ ಬೇರೆ ಎಂದು ಉರ್ದು ಶಾಲೆಯಲ್ಲಿ ಮೂವತ್ತು ವರ್ಷ ನಮ್ಮಂಥವರ ಕಿವಿ ಹಿಂಡಿದ ಮನುಷ್ಯ.

ಈ ಕಾಯಿಲೆಗೆ ಅಫೇಸಿಯಾ ಎನ್ನುತ್ತಾರೆ. ಎಡಮಿದುಳಿನಲ್ಲಿ ಕಿವಿಯ ಮೇಲ್ಭಾಗಕ್ಕೆ ಪೆಟ್ಟಾದರೆ ದನಿ ಕೇಳಿಸಿಯೂ ಮಾತು ತಿಳಿಯದೆ ಹೋಗುತ್ತದೆಂದು ಜರ್ಮನಿಯ ಕಾರ್ಲ್ ವೆರ್ನಿಕೆ 1874ರಲ್ಲೇ ಬರೆದಿದ್ದ. 1988ರಲ್ಲಿ ಅಮೆರಿಕದ ಮಿಲ್‌ಬರ್ಗ್, ಬ್ಲೂಮ್‌ಸ್ಟೀನ್ ಮತ್ತು ಸಂಗಡಿಗರು ಪ್ರಕಟಿಸಿದ ಪ್ರಯೋಗವೊಂದಿದೆ. 'ಕ್ಯಾಟ್' ಕೇಳಿದ ಮೇಲೆ 'ಡಾಗ್' ಎಂಬ ಪದ ನಮಗೆ ಬೇಗ ಗುರುತಾಗುತ್ತದೆ. ಅದನ್ನೇ 'ಗ್ಯಾಟ್', 'ವ್ಯಾಟ್' ಎಂದು ಕೆಡಿಸುತ್ತ ಹೋದರೆ ಆ ನೆರವು ಇಳಿಯುತ್ತದೆ. ಸರಾಗವಾಗಿ ಮಾತಾಡಬಲ್ಲ ಅಫೇಸಿಯಾ ರೋಗಿಗಳಿಗೆ ಕೆಟ್ಟ ಪದವೂ ನೆರವಾಯಿತು. ತಡವರಿಸಿ ಮಾತಾಡುವವರಿಗೆ ಅಪ್ಪಟ 'ಕ್ಯಾಟ್' ಬಿಟ್ಟು ಬೇರೆ ಯಾವುದೂ ಆಗಲಿಲ್ಲ. ಒಬ್ಬರಲ್ಲಿ ಜರಡಿಯ ಕಣ್ಣು ದೊಡ್ಡದಾಗಿದೆ, ಇನ್ನೊಬ್ಬರಲ್ಲಿ ಮುಚ್ಚಿಕೊಂಡಿದೆ. ಎರಡಕ್ಕೂ ಕೂಗುವುದು ಮದ್ದಲ್ಲ.

ಎದುರಿಗೆ ಕೂತು, ತುಟಿ ಕಾಣುವಂತೆ, ನಿಧಾನವಾಗಿ, ಬಿಡಿಪದದ ಬದಲು ಪೂರ್ತಿ ವಾಕ್ಯವನ್ನೇ ಹೇಳಿ ಎಂದಳು ಆಕೆ. ಅಮ್ಮಿ ಲೋಟ ಹಿಡಿದು "ಬಿಸಿ ಹಾಲು ಕುಡೀತೀರಾ?" ಎಂದಾಗ ಅಬ್ಬಾ ಕೈಚಾಚಿದರು.

ಆ ವರ್ಷವೇ ಮನೆ ಹಂಚಿಕೆಯ ಮಾತು ಬಂತು. "ಅವರಿಗೆ ಹಾಲೂ ಒಂದೇ, ಪಾಲೂ ಒಂದೇ. ನಾವೇ ತೀರ್ಮಾನಿಸೋಣ" ಅಂದ ಅಣ್ಣ. ನಾನು ಒಪ್ಪಲಿಲ್ಲ. ಮನೆಯ ನಕ್ಷೆಯನ್ನು ಮಂಚದ ಮೇಲೆ ಹರಡಿ, ನಮ್ಮ ಫೋಟೊಗಳನ್ನು ಅಬ್ಬಾರ ಕೈಗೆ ಕೊಟ್ಟೆ. ಅಣ್ಣನದನ್ನು ಅಂಗಡಿಯ ಕಡೆ ಇಟ್ಟರು, ನನ್ನದನ್ನು ಹಿಂದಿನ ಕೋಣೆಗಳ ಮೇಲೆ. ಮತ್ತೆ ಕೈ ಚಾಚಿದರು. ಇನ್ನು ಫೋಟೊ ಇರಲಿಲ್ಲ. ಅವರು ನಕ್ಷೆ ಎತ್ತಿ ಅಡಿಯಲ್ಲಿ ನೋಡಿದರು, ದಿಂಬು ಸರಿಸಿ ನೋಡಿದರು. ತಂಗಿಯ ಫೋಟೊ ತರಲು ಅಣ್ಣನೇ ಎದ್ದು ಒಳಗೆ ಹೋದ.