ಹುಲ್ಲುಹಾಸಿನಡಿಯ ಮಣ್ಣು

ನಾನು ಬಾಲ್ಯವನ್ನು ಕಳೆದ ಹಳೆಯ ಸೂಪಾ ಇಂದು ಕಾಳಿ ನದಿಯ ಹಿನ್ನೀರಿನ ತಳದಲ್ಲಿದೆ. 1987ರಲ್ಲಿ ಪೂರ್ಣಗೊಂಡ ಅಣೆಕಟ್ಟಿನಿಂದ ಊರಿನೊಡನೆ ನಮ್ಮ ತಾಯಿಯ ಹಿತ್ತಿಲೂ ಮುಳುಗಿತು. ಊರು ಬಿಡುವ ಗಡಿಬಿಡಿಯಲ್ಲಿ ಕೆಸುವಿನ ಬೀಜದ ಗೆಡ್ಡೆಗಳನ್ನು ತರಲು ಮರೆತೆವೆಂದು ಅವರು ಕೊನೆಯವರೆಗೂ ಕೊರಗಿದರು.

ಹೀಗಿದ್ದೂ ನಿವೃತ್ತನಾಗಿ ಜೋಯಿಡಾದಲ್ಲಿ ಮನೆ ಕಟ್ಟಿಸಿದಾಗ ಅಂಗಳದಲ್ಲಿ ನಾನು ಬೆಳೆಸಿದ್ದು ಹುಲ್ಲುಹಾಸನ್ನು! ಎಳೆಯ ವಯಸ್ಸಿನಲ್ಲಿ ಅಧಿಕಾರಿಗಳ ಬಂಗಲೆಗಳ ಮುಂದೆ ಕಂಡ ಹಸುರು ಚೌಕದ ವ್ಯಾಮೋಹವದು. ಮೂರು ಬೇಸಿಗೆ ಬಾವಿಯ ನೀರನ್ನೆಲ್ಲ ಅದಕ್ಕೆ ಸುರಿದೆ. ನಾಲ್ಕನೆಯ ಬೇಸಿಗೆಯಲ್ಲಿ ಬಾವಿಯ ತಳ ಕಂಡಿತು.

ಹುಲ್ಲನ್ನು ತೆಗೆದು ಪಾತಿ ಮಾಡೋಣವೆಂದು ಕಳೆನಾಶಕದ ಡಬ್ಬಿಯೊಂದನ್ನು ತಂದೆ. ನಮ್ಮ ಮನೆಗೆ ಕೆಲಸಕ್ಕೆ ಬರುತ್ತಿದ್ದ ಕುಣಬಿ ವೃದ್ಧೆಯನ್ನು ನಾವೆಲ್ಲ ಆಯಿ ಎಂದೇ ಕರೆಯುತ್ತೇವೆ. ಅವರು ಡಬ್ಬಿಯನ್ನು ಕಂಡು, "ಮಾಸ್ತರರೇ, ಬಾವಿ ಹತ್ತು ಹೆಜ್ಜೆಯಲ್ಲಿದೆಯಲ್ಲ!" ಎಂದರು. ಡಬ್ಬಿ ಅಂಗಡಿಗೆ ಮರಳಿತು.

ಜೂನ್ ತಿಂಗಳ ಮೊದಲ ಮಳೆಗಳಾದ ಮೇಲೆ ಹುಲ್ಲನ್ನು ಬುಡದವರೆಗೆ ಕೊಯ್ದು ಅಲ್ಲಿಯೇ ಹರಡಿದೆವು, ನೆಲವನ್ನು ಅಗೆಯಲಿಲ್ಲ. ಮೇಲೆ ತೆಳುವಾಗಿ ಸಗಣಿಗೊಬ್ಬರ, ಅದರ ಮೇಲೆ ನೀರಿನಲ್ಲಿ ನೆನೆಸಿದ ಹಳೆಯ ವೃತ್ತಪತ್ರಿಕೆಗಳ ಆರೇಳು ಪದರ, ಕೊನೆಗೆ ಗೇಣುದ್ದ ತರಗೆಲೆ. ಬೆಳಕು ದೊರೆಯದ ಹುಲ್ಲು ಆಹಾರವನ್ನು ತಯಾರಿಸಲಾರದು. ಬೇರಿನಲ್ಲಿ ಕೂಡಿಟ್ಟದ್ದು ಮುಗಿದಾಗ ಸಾಯುತ್ತದೆ. ಅದು ಎರೆಹುಳುಗಳಿಗೆ ಊಟ. ಅವು ಕೊರೆದ ಬಿಲಗಳಲ್ಲಿ ನೀರೂ ಗಾಳಿಯೂ ಇಳಿಯುವುದರಿಂದ ಗುದ್ದಲಿಯ ಕೆಲಸವನ್ನು ಅವೇ ಮಾಡಿಬಿಡುತ್ತವೆ.

ಒಂದು ಮೂಲೆಯಲ್ಲಿ ನಾನು ಅವಸರಪಟ್ಟು ಕಾಗದದ ಅಂಚುಗಳನ್ನು ಒಂದರ ಮೇಲೊಂದು ಹೊಂದಿಸಿರಲಿಲ್ಲ. ಅಲ್ಲಿಂದಲೇ ಗರಿಕೆ ತಲೆಯೆತ್ತಿತು. ಗರಿಕೆಯ ಹಟವನ್ನು ಕಿತ್ತವರೇ ಬಲ್ಲರು. ಒಂದು ಗೆಣ್ಣು ಉಳಿದರೂ ಅದಕ್ಕೆ ಸಾಕು. ವಾರಕ್ಕೊಮ್ಮೆ ಬಗ್ಗಿ ಕೀಳುವಾಗ, ಆ ಡಬ್ಬಿಯೇ ವಾಸಿಯಾಗಿತ್ತೇನೋ ಎಂದು ಅನ್ನಿಸಿದ್ದೂ ಉಂಟು.

ದೀಪಾವಳಿಯ ಹೊತ್ತಿಗೆ ಎಲೆಗಳನ್ನು ಸರಿಸಿ ನೋಡಿದೆ. ಕಾಗದ ಕರಗಿತ್ತು. ಕಪ್ಪು ಮಣ್ಣಿನೊಳಕ್ಕೆ ಬೆರಳು ಸಲೀಸಾಗಿ ಇಳಿಯಿತು. ಹರಿವೆ, ಮೂಲಂಗಿಗಳನ್ನು ಬಿತ್ತಿದೆವು. ಮುಂದಿನ ಮಳೆಗಾಲಕ್ಕೆ ಮೊದಲು ಆಯಿ ತಮ್ಮ ಮನೆಯಿಂದ ಕೆಸುವಿನ ಗೆಡ್ಡೆಗಳನ್ನು ತಂದು ನೆಟ್ಟರು. ಈ ಸೀಮೆಯ ಕುಣಬಿಗಳು ಬಗೆಬಗೆಯ ಗೆಡ್ಡೆಗೆಣಸುಗಳನ್ನು ತಲೆಮಾರುಗಳಿಂದ ಉಳಿಸಿಕೊಂಡು ಬಂದವರು. ಕಾಡುಹಂದಿಗಳಿಗೂ ಅವು ಪ್ರಿಯವೆಂಬುದು ಬೇಲಿ ಮುರಿದ ರಾತ್ರಿ ನನಗೆ ತಿಳಿಯಿತು.

ಹಂದಿಗಳು ಬಿಟ್ಟುದನ್ನು ಜನವರಿಯಲ್ಲಿ ಅಗೆದೆವು. ಎಲ್ಲಕ್ಕಿಂತ ದೊಡ್ಡ ಗೆಡ್ಡೆಯನ್ನು ನಾನು ಅಡುಗೆಗೆಂದು ಎತ್ತಿಕೊಂಡೆ. ಆಯಿ ಅದನ್ನು ನನ್ನ ಕೈಯಿಂದ ತೆಗೆದುಕೊಂಡು, "ಇದು ಬೀಜಕ್ಕೆ" ಎಂದು ಬೇರೆಯಾಗಿ ಇಟ್ಟರು.