ನಮ್ದಲ್ಲ

ಅರಸೀಕೆರೆಯಲ್ಲಿ ನಾವಿದ್ದ ವಠಾರಕ್ಕೆ ಆರು ಮನೆ, ಒಂದೇ ಹೆಬ್ಬಾಗಿಲು. ಪೋಸ್ಟ್‌ಮ್ಯಾನ್ ಒಳಗೆ ಬರುತ್ತಿರಲಿಲ್ಲ, ಹೊರಗೇ ನಿಂತು ಸೈಕಲ್ ಬೆಲ್ ಹೊಡೆಯುತ್ತಿದ್ದರು. ಆರೂ ಮನೆಯವರು ಕೈಕೆಲಸ ಬಿಟ್ಟು ಬಂದು ವಿಳಾಸ ನೋಡಬೇಕು. ‘ನಮ್ದಲ್ಲ’ ಎಂದವರು ವಾಪಸ್ ಒಳಗೆ. ಯಾರಾದರೂ ಕಾಗದ ಇಸಿದುಕೊಳ್ಳುವ ತನಕ ಬೆಲ್ ನಿಲ್ಲದು.

ಒಮ್ಮೆ ಬೇಲೂರಿನ ಅತ್ತೆ ಬರೆದ ಕಾರ್ಡನ್ನು ನಾನೇ ನೋಡಿ ‘ನಮ್ದಲ್ಲ’ ಅಂದೆ. ಅದು ಅಜ್ಜಿಯ ಹೆಸರಿಗೆ ಬಂದಿತ್ತು. ಅಜ್ಜಿಗೂ ಒಂದು ಹೆಸರಿದೆ ಎಂಬುದೇ ನನಗೆ ಗೊತ್ತಿರಲಿಲ್ಲ. ಅತ್ತೆ ಹಳೇಬೀಡು, ಜಾವಗಲ್ ದಾಟಿ ಬಂದು ಬಸ್ ಇಳಿದಾಗ ಕರೆದೊಯ್ಯಲು ಯಾರೂ ಇರಲಿಲ್ಲ. ಹಲಸಿನ ಹಣ್ಣು ಹೊತ್ತು ನಡೆದೇ ಬಂದರು.

2005ರಲ್ಲಿ, ಬೆಂಗಳೂರಿನಲ್ಲಿ, ಒಂದು ಕಾರ್ಡಿಗೆ ಡ್ರೈವರ್ ಬರೆಯುವಾಗ ಅದೇ ತಪ್ಪನ್ನು ಸಂಬಳ ತೆಗೆದುಕೊಂಡು ಮಾಡಿದೆ. ಹಳೇ ಪಿಸಿಯಲ್ಲಿ ಬಳಸಲು ಸಿಗುತ್ತಿದ್ದುದು 15 ಇಂಟರಪ್ಟ್ ಲೈನ್, ಅಂದರೆ ಡಿವೈಸ್‌ಗಳು ಪ್ರೊಸೆಸರನ್ನು ಕರೆಯುವ ಬೆಲ್. ಟೈಮರ್, ಕೀಬೋರ್ಡ್, ಡಿಸ್ಕ್ ಮೊದಲೇ ಜಾಗ ಹಿಡಿದಿದ್ದವು. ನನ್ನ ಕಾರ್ಡಿಗೂ ನೆಟ್‌ವರ್ಕ್ ಕಾರ್ಡಿಗೂ ಸೇರಿ 11ನೇ ಲೈನ್. ಪಿಸಿಐ ಕಾರ್ಡ್ ಲೈನನ್ನು ಕೆಳಕ್ಕೆ ಎಳೆದು ಹಿಡಿದರೆ ವಿಚಾರಿಸಿಕೊಳ್ಳುವ ತನಕ ಬಿಡುವುದಿಲ್ಲ. ಲಿನಕ್ಸ್ ಕರ್ನಲ್ ಆ ಲೈನಿನ ಡ್ರೈವರ್‌ಗಳನ್ನೆಲ್ಲ ಸರದಿಯಲ್ಲಿ ಎಬ್ಬಿಸುತ್ತದೆ. ಒಂದೊಂದೂ ತನ್ನ ಕಾರ್ಡಿನ ಸ್ಟೇಟಸ್ ರಿಜಿಸ್ಟರ್ ಓದಿ ತನ್ನದೋ ಅಲ್ಲವೋ ಹೇಳಬೇಕು. ಯಾವ ಬಿಟ್‌ಗಳನ್ನು ನೋಡಬೇಕೆಂದು ನಾನು ಬರೆದ ಮಾಸ್ಕ್‌ನಲ್ಲಿ ಎರರ್ ಬಿಟ್ ಒಂದು ಬಿಟ್ಟುಹೋಗಿತ್ತು. ಕಾರ್ಡಿಗೆ ಎರರ್ ಬಂತು, ನನ್ನ ಡ್ರೈವರ್ ‘ನಮ್ದಲ್ಲ’ ಅಂದಿತು.

ಲಿನಕ್ಸ್ ಇದರ ಲೆಕ್ಕ ಇಡುತ್ತದೆ. 1,00,000 ಕರೆಗಳಲ್ಲಿ 99,900ಕ್ಕೂ ಹೆಚ್ಚು ಕರೆಗೆ ಯಾರೂ ಓಗೊಡದಿದ್ದರೆ ‘ನೋಬಡಿ ಕೇರ್ಡ್’ ಎಂದು ಬರೆದು ಲೈನನ್ನೇ ಮುಚ್ಚುತ್ತದೆ. ಪಾಪದ ನೆಟ್‌ವರ್ಕ್ ಕಾರ್ಡೂ ಅದರ ಜೊತೆ ಹೋಯಿತು. ನಾನು ಕೂತಿದ್ದುದು ದೂರದ ಟರ್ಮಿನಲ್ಲಿನಲ್ಲಿ, ಆ ಯಂತ್ರಕ್ಕೆ ಸಂಪರ್ಕ ಅದೇ ನೆಟ್‌ವರ್ಕಿನ ಮೂಲಕ; ಆ ಸಾಲು ನನಗೆ ಕಾಣಲೇ ಇಲ್ಲ. ಅರ್ಧ ದಿನ ನೆಟ್‌ವರ್ಕ್ ಡ್ರೈವರನ್ನು ಬೈದೆ. ಆಮೇಲೆ ಲ್ಯಾಬಿಗೆ ಹೋಗಿ ಮಾನಿಟರ್ ಸಿಕ್ಕಿಸಿದೆ.

ಈಗ ಎಂಎಸ್‌ಐ, ಅಂದರೆ ಸಂದೇಶದ ಮೂಲಕ ಇಂಟರಪ್ಟ್. ಎಳೆಯಲು ತಂತಿಯೇ ಇಲ್ಲ. ಡಿವೈಸ್ ಒಂದು ಮೆಮೊರಿ ವಿಳಾಸಕ್ಕೆ ತನ್ನ ಸಂಖ್ಯೆ ಬರೆಯುತ್ತದೆ. ಎಂಎಸ್‌ಐ-ಎಕ್ಸ್‌ನಲ್ಲಿ ಒಂದೇ ಡಿವೈಸಿಗೆ 2048ರವರೆಗೆ ಸಂಖ್ಯೆ ಸಿಗಬಹುದು. ಹಂಚಿಕೊಂಡು ಬಾಳಿದ ಕಾಲ ಎಂದು ಹಳಬರು ಕೊಂಡಾಡುವಾಗ ನನಗೆ ನಗು ಬರುತ್ತದೆ. ಲೈನ್ ಸಾಲದ್ದಕ್ಕೆ ಹಂಚಿಕೊಂಡೆವು, ವಠಾರದಲ್ಲೂ.

ವಠಾರ ಈಗಿಲ್ಲ. ಅರಸೀಕೆರೆಯ ಮನೆಗೆ ಕೊರಿಯರ್ ಬಂದರೆ ಅಮ್ಮನ ಮೊಬೈಲ್ ಒಂದೇ ಹೊಡೆದುಕೊಳ್ಳುತ್ತದೆ. ಪಕ್ಕದ ಮನೆಗೆ ಏನು ಬಂತೋ ಅಮ್ಮನಿಗೆ ಗೊತ್ತಿಲ್ಲ, ಬೇಕಾಗಿಯೂ ಇಲ್ಲ.