ಕಾವಲನ್ನು ಕಳೆಯುವ ಮುನ್ನ

ಅಕ್ಕಲಕೋಟ ಸೀಮೆಯ ಒಂದು ಕನ್ನಡ ಶಾಲೆಯ ಕಚೇರಿ. ಮಕ್ಕಳ ದಾಖಲಾತಿ ಪಟ್ಟಿಯನ್ನು ಮುಗಿಸಿದ ಮುಖ್ಯಾಧ್ಯಾಪಕರು ಅದನ್ನು ಗಣಕದಲ್ಲಿ ಉಳಿಸಹೊರಟಾಗ, ಬದಲಾವಣೆಯನ್ನು ತಡೆಯಲಾಗಿದೆ ಎಂಬ ಇಂಗ್ಲಿಷ್ ಸೂಚನೆಯೊಂದು ಪರದೆಯ ಮೂಲೆಯಲ್ಲಿ ಮೂಡಿತು. ಅವರು ಬಳಸುತ್ತಿದ್ದ ಹಳೆಯ ಕನ್ನಡ ತಂತ್ರಾಂಶವನ್ನು ಗಣಕದ ಕಾವಲು ಅಪರಿಚಿತವೆಂದು ಬಗೆದಿತ್ತು.

"ಅದು ಬರೇ ಕಾಟ ಕೊಡ್ತದ್ರೀ ಸರ್, ಬಂದ್ ಮಾಡಿಬಿಡ್ರಿ" ಎಂದರು ಸಹಶಿಕ್ಷಕರು. ಮುಖ್ಯಾಧ್ಯಾಪಕರ ಕೈ ಮಾತ್ರ ಅರೆಗಳಿಗೆ ತಡೆಯಿತು.

2017ರ ಮೇ ತಿಂಗಳಲ್ಲಿ ವಾನಾಕ್ರೈ ಎಂಬ ಕುತಂತ್ರಾಂಶವು ಅನೇಕ ದೇಶಗಳ ಗಣಕಗಳಲ್ಲಿದ್ದ ಕಡತಗಳಿಗೆ ಬೀಗ ಜಡಿದು ಹಣ ಕೇಳಿತ್ತು. ಅದೇ ವರ್ಷ ವಿಂಡೋಸ್ 10ರಲ್ಲಿ ಈ ಬಗೆಯ ಕಾವಲು ಸೇರಿತು. ವೈರಸ್ ನಿರೋಧಕವು ಮುಖ್ಯವಾಗಿ ಕಳ್ಳನ ಗುರುತನ್ನು ಹುಡುಕುತ್ತದೆ. ಪ್ರವೇಶ ರಕ್ಷಣೆಯ ನಿಯಮ ಕೇಳುವ ಪ್ರಶ್ನೆ ಬೇರೆ: ಈ ಕಡತಗಳನ್ನು ತಿದ್ದಲು ನಿನಗೆ ಅನುಮತಿ ಉಂಟೆ? ಆದುದರಿಂದಲೇ ಅದು ಹಿಂದೆಂದೂ ಕಾಣದ ಕಳ್ಳನನ್ನೂ ತಡೆಯಬಲ್ಲದು. ಒಮ್ಮೊಮ್ಮೆ ಮನೆಯವನನ್ನೂ ಬಾಗಿಲಲ್ಲಿ ನಿಲ್ಲಿಸುತ್ತದೆ.

ನಮ್ಮ ಕಾನೂನಿನ ತಿರುಳೂ ಅನುಮತಿಯೇ. ಒಡೆಯನ ಅನುಮತಿಯಿಲ್ಲದೆ ಗಣಕವನ್ನು ಪ್ರವೇಶಿಸಿ ಮಾಹಿತಿಯನ್ನು ಕದ್ದರೆ ಅಥವಾ ಕೆಡಿಸಿದರೆ, 2000ನೆಯ ಇಸವಿಯ ಮಾಹಿತಿ ತಂತ್ರಜ್ಞಾನ ಅಧಿನಿಯಮದ 43ನೆಯ ಕಲಮಿನಂತೆ ಪರಿಹಾರ ಕೊಡಬೇಕಾಗುತ್ತದೆ. ಅದನ್ನೇ ಅಪ್ರಾಮಾಣಿಕ ಉದ್ದೇಶದಿಂದ ಮಾಡಿದರೆ 66ನೆಯ ಕಲಮಿನಡಿ 3 ವರ್ಷಗಳವರೆಗೆ ಸೆರೆವಾಸ, ಅಥವಾ 5 ಲಕ್ಷ ರೂಪಾಯಿಗಳವರೆಗೆ ದಂಡ, ಇಲ್ಲವೆ ಎರಡೂ. ಆದರೆ ಕಾನೂನು ಬರುವುದು ಹಾನಿಯಾದ ಮೇಲೆ. ಹಾನಿಗೆ ಮುನ್ನ ಬಾಗಿಲಲ್ಲಿ ನಿಲ್ಲುವುದು ಆ ಚಿಕ್ಕ ನಿಯಮವೊಂದೇ.

ಗಡಿಯಾಚೆಯ ಕನ್ನಡ ಶಾಲೆಗೆ ದಾಖಲಾತಿ ಪಟ್ಟಿಯೆಂದರೆ ಬರಿಯ ಹೆಸರುಗಳ ಸಾಲಲ್ಲ. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣಕ್ಕೆ ಅನುಕೂಲ ಕಲ್ಪಿಸಬೇಕೆಂದು ಸಂವಿಧಾನದ 350ಎ ವಿಧಿ ಹೇಳುತ್ತದೆ. ಆ ಅನುಕೂಲವನ್ನು ಕೇಳಲು ಹೋದವರು ಮೊದಲು ತೋರಿಸಬೇಕಾದುದು ಮಕ್ಕಳ ಲೆಕ್ಕವನ್ನು. ಲೆಕ್ಕ ಕಳೆದುಹೋದರೆ ಹಕ್ಕಿನ ಮಾತಿಗೆ ಆಧಾರವೇ ಇಲ್ಲ.

ಮುಖ್ಯಾಧ್ಯಾಪಕರು ಕಾವಲನ್ನು ಕಳೆಯಲಿಲ್ಲ. ಸೂಚನೆಯನ್ನು ಮತ್ತೊಮ್ಮೆ ನಿಧಾನವಾಗಿ ಓದಿ, ತಡೆದ ತಂತ್ರಾಂಶ ತಮ್ಮದೇ ಎಂಬುದನ್ನು ಖಚಿತಪಡಿಸಿಕೊಂಡರು. ಬಳಿಕ ಸೆಟ್ಟಿಂಗ್ಸ್ ತೆರೆದು, ಅನುಮತಿ ಪಡೆದವುಗಳ ಪಟ್ಟಿಗೆ ಅದೊಂದನ್ನೇ ಸೇರಿಸಿದರು. ಕಡತ ಉಳಿಯಿತು.

ಆದರೆ ಈ ನಿಯಮ ಕಡತವನ್ನು ತಿದ್ದುವವರನ್ನು ತಡೆಯುತ್ತದೆಯೇ ಹೊರತು ಓದುವವರನ್ನಲ್ಲ. ಗಣಕವೇ ಕೆಟ್ಟರೆ ಅದು ಮಾಡುವುದೂ ಏನಿಲ್ಲ. ಅದನ್ನರಿತ ಅವರು ಪಟ್ಟಿಯ ಇನ್ನೊಂದು ಪ್ರತಿಯನ್ನು ಪೆನ್‌ಡ್ರೈವಿಗೆ ಇಳಿಸಿ, ಹಳೆಯ ಹಾಜರಿ ಪುಸ್ತಕಗಳ ಪಕ್ಕದಲ್ಲಿ ಕಪಾಟಿನೊಳಗಿಟ್ಟು ಬೀಗ ಹಾಕಿದರು.